ಏಣಿಯ ಬುಡದಲ್ಲಿ ಟ್ಯಾಬ್ಲೆಟ್: ರಂಗಬೆಳಕಿಗೆ ಅದು ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

“ಏಳು ಹಾಕು… ಏಳಲ್ಲ ಮಾರಾಯ, ಹದಿನೇಳು!”

ಏಣಿಯ ತುದಿಯಲ್ಲಿ ಬಿಸಿ ಸ್ಪಾಟಿನ ಹಿಡಿ ತಿರುಗಿಸುತ್ತಿರುವವರು ಒಬ್ಬರು, ಸಭಾಂಗಣದ ಕೊನೆಯಲ್ಲಿ ಕನ್ಸೋಲ್, ಅಂದರೆ ದೀಪಗಳನ್ನು ಏರಿಸಿ ಇಳಿಸುವ ನಿಯಂತ್ರಣ ಫಲಕದ ಮುಂದೆ ಕೂತವರು ಇನ್ನೊಬ್ಬರು, ನಡುವೆ ಮೈಕಿನವರ “ಹಲೋ ಹಲೋ.” ನಾಟಕದ ದಿನ ಮಧ್ಯಾಹ್ನ ಫೋಕಸ್ ಮಾಡಲು (ಪ್ರತಿ ದೀಪವನ್ನು ಅದರ ಜಾಗಕ್ಕೆ ತಿರುಗಿಸಿ ನಿಲ್ಲಿಸಲು) ಸಿಗುವುದೇ ಎರಡು ಮೂರು ತಾಸು. ಅದರಲ್ಲಿ ಒಳ್ಳೆಯ ಪಾಲು ಈ ಕೂಗಾಟಕ್ಕೆ ಹೋಗುತ್ತದೆ. ಏಣಿಯ ಬುಡ ಹಿಡಿದು ನಿಂತವರ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟು, ಹದಿನೇಳನೇ ದೀಪವನ್ನು ಅವರೇ ಹಾಕಿ ಆರಿಸುವಂತೆ ಮಾಡಿದರೆ ಕೂಗು ನಿಲ್ಲುತ್ತದೆ. ಬೆಳಕಿನ ಕೆಲಸದಲ್ಲಿ ಟ್ಯಾಬ್ಲೆಟ್ ಆಪ್‌ಗಳ ನಿಜವಾದ ಲಾಭ ಇಂಥ ಕಡೆ ಇದೆ. ಆದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹವ್ಯಾಸಿ ತಂಡಗಳಲ್ಲಿ ಈಗ ಕೇಳಿಬರುವ ಪ್ರಶ್ನೆಯೇ ಬೇರೆ: “ಕನ್ಸೋಲ್ ಬಾಡಿಗೆ ಉಳಿಸಿ ಇಡೀ ನಾಟಕವನ್ನು ಟ್ಯಾಬ್ಲೆಟ್ಟಿನಲ್ಲೇ ಓಡಿಸಬಹುದಾ?” ಓಡಿಸಬಹುದು. ಆದರೆ ಓಡಿಸುವ ಮೊದಲು ದೀಪಕ್ಕೆ ಹೋಗುವ ಆಜ್ಞೆ ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿ ಎಲ್ಲಿ ತುಂಡಾಗುತ್ತದೆ ಎಂಬುದು ಗೊತ್ತಿರಬೇಕು.

ನಮ್ಮ ಕಡೆಯ ಸ್ಥಿತಿ ಸ್ವಲ್ಪ ವಿಶೇಷವಾದದ್ದು. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಇದೆ. 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರ ನಡೆಯುತ್ತಿದೆ, 1985ರಿಂದ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಊರೂರು ಸುತ್ತುತ್ತಿದೆ. ಶಿವಮೊಗ್ಗ ನಗರದಲ್ಲಿ ಕುವೆಂಪು ರಂಗಮಂದಿರವಿದೆ, ರಂಗಾಯಣವಿದೆ. ಇವನ್ನು ಬಿಟ್ಟರೆ ಉಳಿದ ನಾಟಕಗಳು ನಡೆಯುವುದು ಸಮುದಾಯ ಭವನ, ಶಾಲೆಯ ಮೈದಾನ, ದೇವಸ್ಥಾನದ ಎದುರಿನ ಚಪ್ಪರಗಳಲ್ಲಿ. ದೀಪ ಬಾಡಿಗೆಗೆ ಬರುತ್ತದೆ. ನಾಲ್ಕು ಹಳೆಯ ಹ್ಯಾಲೊಜನ್ ಸ್ಪಾಟ್, ಎಂಟು ಎಲ್‌ಇಡಿ ಪಾರ್ (ಬಣ್ಣ ಬದಲಿಸಬಲ್ಲ, ಅಗಲಕ್ಕೆ ಬೆಳಕು ಚೆಲ್ಲುವ ದೀಪ), ಸ್ಪಾಟುಗಳ ಬೆಳಕನ್ನು ಏರಿಸಿ ಇಳಿಸಲು ಆರಾರು ಚಾನೆಲ್ಲಿನ (ಬೇರೆಬೇರೆಯಾಗಿ ನಿಯಂತ್ರಿಸಬಲ್ಲ ಆರಾರು ಸಾಲಿನ) ಎರಡು ಡಿಮ್ಮರ್, ಹೆಚ್ಚಾಯಿತೆಂದರೆ ಇಷ್ಟು. ದೀಪ ತೂಗುಹಾಕುವ ಬಾರ್ ಇವತ್ತು ನಾಲ್ಕೂವರೆ ಮೀಟರ್ ಎತ್ತರದಲ್ಲಿದ್ದರೆ ನಾಳಿನದ್ದು ಮೂರೂವರೆ. ಒಂದೇ ರಂಗಮಂದಿರದಲ್ಲಿ ತಿಂಗಳುಗಟ್ಟಲೆ ಆಡುವ ತಂಡಕ್ಕಿಂತ, ದಿನಕ್ಕೊಂದು ಊರು ತಿರುಗುವ ತಂಡಕ್ಕೆ ಟ್ಯಾಬ್ಲೆಟ್ ಹೆಚ್ಚು ಒದಗುವುದು ಇದೇ ಕಾರಣಕ್ಕೆ. ಲೆಕ್ಕವನ್ನು ದಿನವೂ ಹೊಸದಾಗಿ ಹಾಕಬೇಕಲ್ಲ.

ಮೊದಲು ನಾಟಕದ ಪ್ರತಿ

ಕೆಲಸ ಶುರುವಾಗುವುದು ಹಸ್ತಪ್ರತಿಯಿಂದ. ಪಿಡಿಎಫ್ ಮೇಲೆ ಬರೆಯಬಲ್ಲ ಯಾವ ಆಪ್ ಆದರೂ ಸಾಕು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕನ್ನಡದವರಿಗೆ ಇಲ್ಲೊಂದು ತೊಡಕಿದೆ. ಬಹಳಷ್ಟು ನಾಟಕಗಳ ಪ್ರತಿ ಇನ್ನೂ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾಗಿರುತ್ತದೆ. ಆ ವರ್ಡ್ ಫೈಲನ್ನು ಹಾಗೇ ಟ್ಯಾಬ್ಲೆಟ್ಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತರಬೇಕು, ಇಲ್ಲವೇ ಮೊದಲು ಯೂನಿಕೋಡಿಗೆ ಬದಲಿಸಬೇಕು. ಎರಡನೆಯದರಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುತ್ತವೆ. ಕ್ಯೂ (ಬೆಳಕು ಬದಲಾಗಬೇಕಾದ ಗುರುತು) ಬೀಳುವ ಮಾತುಗಳನ್ನಾದರೂ ಒಮ್ಮೆ ಕಣ್ಣಾಡಿಸಿ ಸರಿಮಾಡಿಕೊಳ್ಳುವುದು ಕ್ಷೇಮ.

ಗುರುತು ಹಾಕುವಾಗ ತಾಲೀಮಿನ ಹಂತದಲ್ಲಿ ಕ್ಯೂಗಳಿಗೆ 10, 20, 30 ಎಂದು ನಂಬರ್ ಕೊಡಿ. ನಿರ್ದೇಶಕರು ಕೊನೆಯ ವಾರದಲ್ಲಿ ನಡುವೆ ಒಂದು ಬದಲಾವಣೆ ಕೇಳಿಯೇ ಕೇಳುತ್ತಾರೆ, ಆಗ 25 ಎಂದು ಸೇರಿಸಿದರೆ ಮುಗಿಯಿತು. ಪ್ರತಿ ಕ್ಯೂವಿಗೆ ನಾಲ್ಕು ವಿಷಯ ಬರೆದಿರಬೇಕು: ನಂಬರ್, ಯಾವ ಮಾತು ಅಥವಾ ಚಲನೆಗೆ ಬೀಳುತ್ತದೆ, ಎಷ್ಟು ಸೆಕೆಂಡಿನಲ್ಲಿ ಬದಲಾಗುತ್ತದೆ, ನೋಡುವವರಿಗೆ ಏನು ಕಾಣಬೇಕು. ನಾಲ್ಕನೆಯದನ್ನು ಹೆಚ್ಚಿನವರು ಬಿಡುತ್ತಾರೆ. “ಚಾನೆಲ್ 3 ಶೇ. 60” ಎಂದು ಬರೆದಿಟ್ಟ ಕ್ಯೂ ಶೀಟ್ ಮುಂದಿನ ಊರಿನಲ್ಲಿ, ದೀಪಗಳ ಸಂಖ್ಯೆ ಬೇರೆಯಾದಾಗ, ಕೆಲಸಕ್ಕೆ ಬರುವುದಿಲ್ಲ. “ಜಗಲಿಯ ಎಡಮೂಲೆ ಮಾತ್ರ, ಸಂಜೆ” ಎಂದು ಬರೆದದ್ದು ಎಲ್ಲಿ ಹೋದರೂ ಬರುತ್ತದೆ.

ಅಳತೆಯೂ ನೆರಳೂ

ಭವನವನ್ನು ಅಳೆಯಲು ಟ್ಯಾಬ್ಲೆಟ್ಟಿನ ಕ್ಯಾಮೆರಾ ಆಪ್‌ಗಳಿವೆ. 2020ರಿಂದ ಬಂದ ಐಪ್ಯಾಡ್ ಪ್ರೊಗಳಲ್ಲಿ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಸಂವೇದಕವೂ ಇದೆ. ಆದರೆ ಅದು ಎಟುಕುವುದು ಸುಮಾರು 5 ಮೀಟರ್ ದೂರಕ್ಕೆ. ರಂಗದ ಅಗಲ 9 ಮೀಟರ್ ಇದ್ದರೆ ತುಂಡು ತುಂಡಾಗಿ ಅಳೆದು ಕೂಡಿಸಬೇಕು, ಪ್ರತಿ ತುಂಡಿಗೂ ತಪ್ಪು ಸೇರುತ್ತಾ ಹೋಗುತ್ತದೆ. ಕಪ್ಪು ಪರದೆ, ಹೊಳೆಯುವ ಟೈಲ್ಸ್ ಎದುರಾದರೆ ಇನ್ನಷ್ಟು. ಆಪ್‌ನ ಅಳತೆಯನ್ನು ಅಂದಾಜಿಗೆ ಇಟ್ಟುಕೊಂಡು ಐದು ಅಳತೆಯನ್ನು ಟೇಪಿನಲ್ಲೇ ತೆಗೆದುಕೊಳ್ಳಿ: ರಂಗದ ಅಗಲ, ಆಳ, ಬಾರಿನ ಎತ್ತರ, ರಂಗದ ಅಂಚಿನಿಂದ ಮುಂದಿನ ಬಾರಿಗಿರುವ ದೂರ, ರಂಗದ ನೆಲ ಸಭಾಂಗಣಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದು. ಚಿತ್ರವನ್ನು 1:50ರಲ್ಲಿ ಬರೆದರೆ ಎ4 ಹಾಳೆಯ ಉದ್ದಕ್ಕೆ ಸುಮಾರು 14.8 ಮೀಟರ್ ಹಿಡಿಯುತ್ತದೆ. ನಮ್ಮ ಕಡೆಯ ಹೆಚ್ಚಿನ ರಂಗಗಳಿಗೆ ಅದು ಧಾರಾಳ.

ದೀಪದ ಬೆಳಕು ಎಷ್ಟಗಲ ಬೀಳುತ್ತದೆ ಎಂದು ಹೇಳುವ ಆಪ್‌ಗಳು ಒಳಗೆ ಮಾಡುವುದು ಒಂದೇ ಲೆಕ್ಕ: ದೂರವನ್ನು ಎರಡರಿಂದ ಗುಣಿಸಿ, ಅದನ್ನು ಕಿರಣದ ಕೋನದ ಅರ್ಧದ ಟ್ಯಾನ್‌ನಿಂದ ಗುಣಿಸುವುದು. ಬಾರ್ 4.5 ಮೀಟರ್, ನಟರ ಮುಖ 1.5 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ವ್ಯತ್ಯಾಸ 3 ಮೀಟರ್. ಬಾರಿನ ನೇರದಿಂದ 3 ಮೀಟರ್ ಹಿಂದೆ ನಿಂತ ನಟರಿಗೆ ಬೆಳಕು ಸರಿಯಾಗಿ 45 ಡಿಗ್ರಿಯಲ್ಲಿ ಬೀಳುತ್ತದೆ, ದೀಪದಿಂದ ಮುಖಕ್ಕೆ ದೂರ 4.2 ಮೀಟರ್. 36 ಡಿಗ್ರಿಯ ಪ್ರೊಫೈಲ್ (ಚೊಕ್ಕ ಅಂಚಿನ ಸ್ಪಾಟ್) ಅಲ್ಲಿ ಸುಮಾರು 2.75 ಮೀಟರ್ ಅಗಲ ಹಿಡಿಯುತ್ತದೆ, 26 ಡಿಗ್ರಿಯದ್ದು ಎರಡಕ್ಕಿಂತ ಕೊಂಚ ಕಡಿಮೆ. ಅಂಚುಗಳು ಒಂದರ ಮೇಲೊಂದು ಬರಬೇಕಾದ್ದರಿಂದ ಒಂದೊಂದರಿಂದ ಎರಡು ಮೀಟರ್ ಉಪಯೋಗಕ್ಕೆ ಸಿಕ್ಕಿತು ಅನ್ನಿ. 9 ಮೀಟರ್ ಅಗಲಕ್ಕೆ ಐದು ಜಾಗ, ಜಾಗಕ್ಕೆ ಎಡಬಲದಿಂದ ಎರಡರಂತೆ ಹತ್ತು ದೀಪ, ಅದೂ ಮುಂದಿನ ಒಂದೇ ಸಾಲಿಗೆ. ಬಾಡಿಗೆಗೆ ಬಂದದ್ದೇ ನಾಲ್ಕು ಸ್ಪಾಟ್. ಈ ಲೆಕ್ಕ ಹತ್ತು ದಿನ ಮೊದಲೇ ಗೊತ್ತಾದರೆ ನಿರ್ದೇಶಕರ ಜೊತೆ ಕೂತು “ಆಟವನ್ನು ಮೂರು ಜಾಗಕ್ಕೆ ಇಳಿಸೋಣವೇ” ಎಂದು ಕೇಳಬಹುದು. ನಾಟಕದ ದಿನ ಗೊತ್ತಾದರೆ ಕೇಳಿ ಪ್ರಯೋಜನವಿಲ್ಲ.

ಈಗ ಅದೇ ವಿನ್ಯಾಸ 3.5 ಮೀಟರ್ ಬಾರಿನ ಭವನಕ್ಕೆ ಹೋಯಿತು. ವ್ಯತ್ಯಾಸ 2 ಮೀಟರಿಗೆ ಇಳಿಯಿತು, ಕೋನ 34 ಡಿಗ್ರಿಯ ಆಸುಪಾಸಿಗೆ ಬಂತು. ಮುಖ ಚಪ್ಪಟೆಯಾಗಿ ಕಾಣುವುದು ಇರಲಿ, ದೊಡ್ಡ ತೊಂದರೆ ನೆರಳಿನದು. ಮೊದಲ ಭವನದಲ್ಲಿ ಮುಖದ ನೆರಳು ನಟರಿಂದ 1.5 ಮೀಟರ್ ಹಿಂದೆ ನೆಲ ಮುಟ್ಟುತ್ತಿತ್ತು, ಇಲ್ಲಿ 2.25 ಮೀಟರ್ ಹಿಂದೆ. ಹಿಂಪರದೆಗೆ ಎರಡು ಮೀಟರ್ ಅಂತರದಲ್ಲಿ ನಡೆಯುವ ದೃಶ್ಯವಿದ್ದರೆ ಪರದೆಯ ಆಕಾಶದ ಮೇಲೆ ತಲೆಗಳ ನೆರಳು ಕುಣಿಯುತ್ತದೆ. ಟ್ಯಾಬ್ಲೆಟ್ಟಿನಲ್ಲಿ ರಂಗದ ಅಡ್ಡಕೊಯ್ತದ ಚಿತ್ರವೊಂದಿದ್ದು, ಬಾರಿನ ಎತ್ತರ ಬದಲಿಸಿದ ಕೂಡಲೇ ಗೆರೆ ಸರಿದು ಕಾಣಿಸಿದರೆ, ಬಸ್ಸಿನಲ್ಲೇ ಕೂತು ಈ ದೃಶ್ಯವನ್ನು ಅರ್ಧ ಮೀಟರ್ ಮುಂದೆ ತರಬೇಕೆಂದು ತೀರ್ಮಾನಿಸಬಹುದು. ಮೂರು ಆಯಾಮದ ಬಣ್ಣಬಣ್ಣದ ಪೂರ್ವವೀಕ್ಷಣೆಗಿಂತ ಈ ಒಂದು ಗೆರೆ ಚಿತ್ರ ಮೇಲು.

ಬಣ್ಣದ ವಿಚಾರದಲ್ಲಿ ಪರದೆಯನ್ನು ನಂಬಬೇಡಿ. ದೀಪದ ಮುಂದೆ ಹಾಕುವ ಬಣ್ಣದ ಜಿಲೆಟಿನ್ ಹಾಳೆಗಳ ಪಟ್ಟಿ ತೋರಿಸುವ ಆಪ್‌ಗಳಿವೆ, ನಂಬರ್ ಹುಡುಕಲು ಅವು ಚೆನ್ನ. ಲೀ ಕಂಪನಿಯ 201 ಎಂದರೆ ಹ್ಯಾಲೊಜನ್ನನ್ನು ಹಗಲಿನ ನೀಲಿಗೆ ತಿರುಗಿಸುವ ಹಾಳೆ, 204 ಅದರ ವಿರುದ್ಧ ದಿಕ್ಕಿನದು, 181 ಬಹಳ ಗಾಢ ನೇರಳೆನೀಲಿ. ಆದರೆ ಟ್ಯಾಬ್ಲೆಟ್ಟಿನ ಬಿಳಿ ಸುಮಾರು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಕೆಂಪು), ಹ್ಯಾಲೊಜನ್ ಬಿಳಿ ಪೂರ್ತಿ ಉರಿದಾಗ 3200, ಡಿಮ್ ಆದಂತೆ ಇನ್ನೂ ಕೆಂಪಗೆ. 181 ಪರದೆಯ ಮೇಲೆ ಚಂದ ಹೊಳೆಯುತ್ತದೆ. ದೀಪಕ್ಕೆ ಹಾಕಿದರೆ ನೂರರಲ್ಲಿ ಒಂದೆರಡು ಪಾಲು ಬೆಳಕು ಮಾತ್ರ ಹೊರಬರುತ್ತದೆ. ಹಾಗಾಗಿ ಆ ಆಪ್‌ಗಳಲ್ಲಿ ನೋಡಬೇಕಾದದ್ದು ಬಣ್ಣದ ಚೌಕವನ್ನಲ್ಲ, ಅದರ ಕೆಳಗೆ ಬರೆದಿರುವ ಬೆಳಕು ದಾಟುವ ಶೇಕಡಾವಾರನ್ನು. ಬೀಳುವ ಬೆಳಕಿನ ಪ್ರಮಾಣವನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಆಪ್‌ಗಳದ್ದೂ ಇದೇ ಕಥೆ. ಎಡಕ್ಕೂ ಬಲಕ್ಕೂ ಸಮ ಬೆಳಕಿದೆಯೇ ಎಂದು ಹೋಲಿಸಲು ಬಳಸಿ, ಅಂಕಿಯನ್ನು ಮರೆತುಬಿಡಿ.

ಆಜ್ಞೆ ಹೋಗುವ ದಾರಿ

ಇನ್ನು ನಾಟಕ ಓಡಿಸುವ ವಿಚಾರ. ದೀಪಗಳಿಗೆ ಅರ್ಥವಾಗುವ ಭಾಷೆ ಡಿಎಂಎಕ್ಸ್ 512. ಇದು 1986ರಲ್ಲಿ ರೂಪುಗೊಂಡಿತು. ಒಂದು ಕೇಬಲ್ಲಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರವರೆಗೆ ಬೆಲೆ. ಇದರ ಮುಖ್ಯ ಗುಣ ಏನೆಂದರೆ, ಆಜ್ಞೆ ಒಮ್ಮೆ ಹೋಗಿ ನಿಲ್ಲುವುದಿಲ್ಲ. ಎಲ್ಲ ಚಾನೆಲ್‌ಗಳ ಬೆಲೆಯೂ ಸೆಕೆಂಡಿಗೆ ಹತ್ತಾರು ಬಾರಿ ಮರುಮರಳಿ ಹೋಗುತ್ತಿರಬೇಕು. ಟ್ಯಾಬ್ಲೆಟ್ಟಿಗೆ ಡಿಎಂಎಕ್ಸ್ ಸಾಕೆಟ್ ಇಲ್ಲ. ಹಾಗಾಗಿ ಅದು ಅದೇ ಮಾಹಿತಿಯನ್ನು ಆರ್ಟ್‌ನೆಟ್ ಅಥವಾ ಎಸ್‌ಎಸಿಎನ್ ಎಂಬ ರೂಪದಲ್ಲಿ ವೈಫೈ ಮೂಲಕ ಕಳಿಸುತ್ತದೆ, ‘ನೋಡ್’ ಎಂಬ ಪುಟ್ಟ ಪೆಟ್ಟಿಗೆ ಅದನ್ನು ಡಿಎಂಎಕ್ಸ್ ಮಾಡಿ ಕೇಬಲ್ಲಿಗೆ ಹಾಕುತ್ತದೆ. ಲ್ಯೂಮಿನೇರ್‌ನಂಥ ಐಪ್ಯಾಡ್ ಆಪ್‌ಗಳು ಕೆಲಸ ಮಾಡುವುದು ಹೀಗೆ.

ಈ ಏರ್ಪಾಡು ಮಧ್ಯಾಹ್ನ ಚೆನ್ನಾಗಿ ನಡೆದು ಸಂಜೆ ಏಳಕ್ಕೆ ಕೆಡುವುದೇ ಹೆಚ್ಚು. ಮುನ್ನೂರು ಜನ ಮುನ್ನೂರು ಮೊಬೈಲ್ ಹಿಡಿದು ಒಳಗೆ ಬಂದಿರುತ್ತಾರೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು: 1, 6, 11. ಆ ಗದ್ದಲದಲ್ಲಿ ಮಾಹಿತಿ ತಡವಾಗುತ್ತದೆ, ಇಪ್ಪತ್ತು ಸೆಕೆಂಡಿನ ನಿಧಾನದ ಫೇಡ್ (ಬೆಳಕಿನ ಏರಿಕೆ ಇಲ್ಲವೇ ಇಳಿಕೆ) ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆ. ಎಸ್‌ಎಸಿಎನ್ ಎಲ್ಲರಿಗೂ ಒಟ್ಟಿಗೆ ಹಂಚುವ ಕ್ರಮದಲ್ಲಿದ್ದರೆ ರೂಟರ್ ಅದನ್ನು ತನ್ನ ಅತಿ ನಿಧಾನದ ವೇಗದಲ್ಲಿ ಕಳಿಸುತ್ತದೆ, ಜಿಗಿತ ಇನ್ನೂ ಜಾಸ್ತಿ. ಆಪ್‌ನಲ್ಲಿ ನೋಡಿನ ವಿಳಾಸವನ್ನೇ ನೇರ ಬರೆದು ಅದೊಂದಕ್ಕೇ ಕಳಿಸುವಂತೆ ಮಾಡಿದರೆ ಎಷ್ಟೋ ವಾಸಿ. ಇನ್ನೊಂದು, ಆಪ್ ಹಿನ್ನೆಲೆಗೆ ಸರಿದರೆ ಟ್ಯಾಬ್ಲೆಟ್ ಅದನ್ನು ನಿದ್ದೆಗೆ ಹಾಕುತ್ತದೆ. ಯಾರದೋ ಕರೆ ಬಂತು, ಬೆರಳು ತಾಗಿ ಬೇರೆ ಪರದೆ ತೆರೆಯಿತು, ಮಾಹಿತಿ ನಿಂತಿತು. ಆಗ ಕೊನೆಯ ಬೆಳಕು ಹಾಗೇ ಉಳಿಯಬೇಕೋ ಕತ್ತಲಾಗಬೇಕೋ ಎಂಬುದನ್ನು ನೋಡಿನ ಒಳಗಿನ ಆಯ್ಕೆ ನಿರ್ಧರಿಸುತ್ತದೆ. ಎಲ್‌ಇಡಿ ಪಾರ್‌ಗಳ ಮೆನುವಿನಲ್ಲೂ ಇಂಥದೇ ಆಯ್ಕೆ ಇರುತ್ತದೆ. ಎರಡನ್ನೂ ‘ಹಿಡಿದಿಡು’ ಎಂಬಲ್ಲಿಗೆ ತನ್ನಿ. ತಪ್ಪು ಬೆಳಕಿನಲ್ಲಿ ಎರಡು ನಿಮಿಷ ನಾಟಕ ನಡೆಯುತ್ತದೆ, ಕತ್ತಲಲ್ಲಿ ನಡೆಯುವುದಿಲ್ಲ.

ಇದಕ್ಕಿಂತ ಗಟ್ಟಿ ದಾರಿ ಇದೆ. ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಅದಕ್ಕೆ ಕ್ಯೂಎಲ್‌ಸಿ ಪ್ಲಸ್ ಎಂಬ ಉಚಿತ, ಮುಕ್ತ ತಂತ್ರಾಂಶ ಹಾಕಿ. ಯುಎಸ್‌ಬಿಯಿಂದ ಡಿಎಂಎಕ್ಸ್ ಪೆಟ್ಟಿಗೆಗೆ, ಅಲ್ಲಿಂದ ದೀಪಗಳಿಗೆ, ಎಲ್ಲವೂ ಕೇಬಲ್ಲಿನಲ್ಲೇ. ಪೆಟ್ಟಿಗೆ ಕೊಳ್ಳುವಾಗ ತನ್ನದೇ ಪ್ರೊಸೆಸರ್ ಇರುವುದನ್ನು ನೋಡಿ. ಅತಿ ಅಗ್ಗದವು ಸಮಯದ ಲೆಕ್ಕವನ್ನು ಲ್ಯಾಪ್‌ಟಾಪಿನ ಮೇಲೆ ಹಾಕುತ್ತವೆ, ಅದು ಬೇರೆ ಕೆಲಸಕ್ಕೆ ತೊಡಗಿದ ಕ್ಷಣ ದೀಪ ಮಿಣುಕುತ್ತದೆ. ತಂತ್ರಾಂಶವನ್ನು ವೆಬ್ ಆಯ್ಕೆಯೊಂದಿಗೆ ತೆರೆದರೆ, ಅದೇ ರೂಟರಿಗೆ ಸೇರಿದ ಟ್ಯಾಬ್ಲೆಟ್ಟಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ, ಕೋಲನ್, 9999 ಎಂದು ಹೊಡೆದರೆ ಸಾಕು, ಗುಂಡಿಗಳು, ಸ್ಲೈಡರ್‌ಗಳು, ಕ್ಯೂ ಪಟ್ಟಿ ಬೆರಳಿಗೆ ಸಿಗುತ್ತವೆ. ಈಗ ವೈಫೈ ಮೇಲೆ ಹೋಗುವುದು “ಮುಂದಿನ ಕ್ಯೂ” ಎಂಬ ಒಂದು ಮಾತು ಮಾತ್ರ. ಫೇಡನ್ನು ಲೆಕ್ಕ ಹಾಕುವುದು, ಸತತವಾಗಿ ಕಳಿಸುವುದು ಲ್ಯಾಪ್‌ಟಾಪಿನ ಕೆಲಸ. ಟ್ಯಾಬ್ಲೆಟ್ ಸತ್ತರೂ ಲ್ಯಾಪ್‌ಟಾಪಿನ ಕೀಲಿಯಿಂದ ನಾಟಕ ಮುಂದುವರಿಯುತ್ತದೆ. ದುಡ್ಡಿರುವ ರಂಗಮಂದಿರಗಳ ದೊಡ್ಡ ಕನ್ಸೋಲ್‌ಗಳಿಗೂ ಇಂಥ ರಿಮೋಟ್ ಆಪ್‌ಗಳಿವೆ, ಅಲ್ಲೂ ತತ್ವ ಇದೇ.

ಹೊಂದಿಸುವಾಗ ಎಲ್ಲಿ ಎಡವುತ್ತಾರೆ? ಒಂದೊಂದೂ ಎಂಟು ಚಾನೆಲ್ ಬಳಸುವ ಮೋಡಿನ (ಕಾರ್ಯವಿಧಾನದ) ಎಂಟು ಎಲ್‌ಇಡಿ ಪಾರ್ ಇದ್ದರೆ ವಿಳಾಸಗಳು, ಅಂದರೆ ಒಂದೊಂದರ ಮೊದಲ ಚಾನೆಲ್ಲಿನ ನಂಬರ್‌ಗಳು, 1, 9, 17, 25, 33, 41, 49, 57. ಡಿಮ್ಮರ್‌ಗಳು 65 ಮತ್ತು 71ರಿಂದ. ಆ ಮೋಡಿನಲ್ಲಿ ಸಾಮಾನ್ಯವಾಗಿ ಮೊದಲ ಚಾನೆಲ್ ಒಟ್ಟು ಪ್ರಕಾಶ, ಆಮೇಲೆ ಕೆಂಪು, ಹಸಿರು, ನೀಲಿ, ಬಿಳಿ. ಒಂದು ಪಾರ್ ಮಾತ್ರ ಹಿಂದಿನ ಮದುವೆ ಕಾರ್ಯಕ್ರಮದಿಂದ ಬೇರೆ ಮೋಡಿನಲ್ಲೇ ಉಳಿದಿರುತ್ತದೆ. ಅದರಲ್ಲಿ ಮೊದಲ ಚಾನೆಲ್ಲೇ ಕೆಂಪು. ಬೆಳಗಿನ ದೃಶ್ಯ ಮೆಲ್ಲಗೆ ಮೂಡುವಾಗ ಒಂದು ಮೂಲೆ ಬೆಂಕಿ ಹತ್ತಿದಂತೆ ಕೆಂಪಾದರೆ ಆಪ್‌ಗೆ ಬೈಯುವ ಮೊದಲು ದೀಪದ ಹಿಂದಿನ ಮೆನು ನೋಡಿ. ಹೆಸರಿಲ್ಲದ ಪಾರ್‌ಗಳು ಯಾವ ಆಪ್‌ನ ಪಟ್ಟಿಯಲ್ಲೂ ಸಿಗುವುದಿಲ್ಲ, ಚಾನೆಲ್ ಒಂದೊಂದಾಗಿ ಎತ್ತಿ ಏನಾಗುತ್ತದೆ ನೋಡಿ, ಯಾವ ಚಾನೆಲ್ ಏನು ಮಾಡುತ್ತದೆ ಎಂಬ ಪಟ್ಟಿಯನ್ನು (ಇದಕ್ಕೂ ಪ್ರೊಫೈಲ್ ಎನ್ನುತ್ತಾರೆ) ಒಮ್ಮೆ ನೀವೇ ಬರೆದಿಟ್ಟುಕೊಳ್ಳಬೇಕು.

ಇನ್ನು ಏನೂ ಹೊತ್ತದಿದ್ದರೆ? ಆರ್ಟ್‌ನೆಟ್ ತನ್ನ ಯೂನಿವರ್ಸನ್ನು (512 ಚಾನೆಲ್‌ಗಳ ಒಂದು ಗುಂಪು) 0ಯಿಂದ ಎಣಿಸುತ್ತದೆ, ಎಸ್‌ಎಸಿಎನ್ 1ರಿಂದ. ಆಪ್‌ನ 1 ನೋಡಿನ 0 ಆಗಿರಬಹುದು. ಕೆಲವು ನೋಡ್‌ಗಳು 2.0.0 ಎಂದು ಶುರುವಾಗುವ ವಿಳಾಸದೊಂದಿಗೆ ಬರುತ್ತವೆ, ನಿಮ್ಮ ರೂಟರ್ 192.168ರಲ್ಲಿದ್ದರೆ ಒಂದಕ್ಕೊಂದು ಕಾಣಿಸುವುದಿಲ್ಲ. ಐಪ್ಯಾಡ್ ಆದರೆ, ಐಪ್ಯಾಡ್‌ಓಎಸ್ 14ರಿಂದ ಈಚೆಗೆ ಪ್ರತಿ ಆಪ್ ಮೊದಲ ಸಲ ಸ್ಥಳೀಯ ನೆಟ್‌ವರ್ಕಿಗೆ ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಆಪ್ ಎಲ್ಲವೂ ಸರಿಯಿರುವಂತೆ ನಟಿಸುತ್ತದೆ, ದೀಪ ಮಾತ್ರ ಹೊತ್ತುವುದಿಲ್ಲ. ಆಂಡ್ರಾಯ್ಡಿನ ಚಾಳಿ ಬೇರೆ: ಇಂಟರ್ನೆಟ್ ಇಲ್ಲದ ವೈಫೈ ಸಿಕ್ಕರೆ ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಹಾರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿದರೆ ಈ ಕಾಟವೂ ಇಲ್ಲ, ಕರೆಗಳ ಕಾಟವೂ ಇಲ್ಲ. ಇವೆಲ್ಲ ಸರಿಯಿದ್ದೂ ದೀಪಗಳು ತಮ್ಮಷ್ಟಕ್ಕೆ ಬೆದರಿದಂತೆ ಆಡುತ್ತಿದ್ದರೆ ಕೇಬಲ್ ನೋಡಿ. ಡಿಎಂಎಕ್ಸ್‌ಗೆ ಮೈಕಿನ ಕೇಬಲ್ ಹಾಕಿರುತ್ತಾರೆ. ಸಾಲಿನ ಕೊನೆಯ ದೀಪದಲ್ಲಿ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಇರುವ ಪ್ಲಗ್ ಚುಚ್ಚಿದರೆ ಎಷ್ಟೋ ಸಲ ತೆಪ್ಪಗಾಗುತ್ತವೆ. ಕೆಲವೇ ರೂಪಾಯಿಯ ಭಾಗ ಅದು.

ಒಂದು ದೋಷವನ್ನು ಮಾತ್ರ ಯಾವ ಆಪ್ ಕೂಡ ಪೂರ್ತಿ ತೀರಿಸದು. ಹ್ಯಾಲೊಜನ್ ತಂತಿ ನಿಧಾನಕ್ಕೆ ತಣಿಯುವುದರಿಂದ ಅದರ ಫೇಡ್ ತಾನಾಗಿ ನುಣುಪು. ಎಲ್‌ಇಡಿಗೆ ಆ ಜಡತೆ ಇಲ್ಲ. ಶೇ. 10ರಿಂದ ಕತ್ತಲೆಗೆ ಇರುವುದೇ ಸುಮಾರು 25 ಮೆಟ್ಟಿಲು, ಅದನ್ನು 20 ಸೆಕೆಂಡಿಗೆ ಎಳೆದರೆ ಒಂದೊಂದು ಮೆಟ್ಟಿಲೂ ಕಣ್ಣಿಗೆ ಕಾಣುತ್ತದೆ. ಪಾರ್‌ನ ಮೆನುವಿನಲ್ಲಿ ಡಿಮ್ಮರಿನ ವೇಗ ತಗ್ಗಿಸುವ ಆಯ್ಕೆ ಇದ್ದರೆ ಹಾಕಿ. ಇಲ್ಲವಾದರೆ ಎಲ್‌ಇಡಿಯನ್ನು ಮೊದಲೇ ಇಳಿಸಿ, ಕೊನೆಯ ಕತ್ತಲನ್ನು ಉಳಿದಿರುವ ಒಂದೆರಡು ಹ್ಯಾಲೊಜನ್‌ಗೆ ಬಿಡಿ. ಹಳೆಯ ಸ್ಪಾಟುಗಳನ್ನು ಗುಜರಿಗೆ ಹಾಕುವ ಅವಸರದಲ್ಲಿರುವ ತಂಡಗಳು ಇದನ್ನೊಮ್ಮೆ ಯೋಚಿಸಬೇಕು.

ಕರೆಂಟು, ಮಳೆ, ಕತ್ತಲು

ಒಂದು ಕಿಲೋವ್ಯಾಟಿನ ಹ್ಯಾಲೊಜನ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿನ ಒಂದು ಪ್ಲಗ್ಗಿಗೆ ಮೂರಕ್ಕಿಂತ ಹೆಚ್ಚು ಬೇಡ. ಟ್ಯಾಬ್ಲೆಟ್ಟಿನ ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಕ್ಯೂವಿನ ಒಟ್ಟು ಹೊರೆ ಕೂಡಿಸಿಟ್ಟರೆ, ಎಲ್ಲ ದೀಪ ಒಮ್ಮೆಗೇ ಏರುವ ಕೊನೆಯ ದೃಶ್ಯದಲ್ಲಿ ಭವನದ ಫ್ಯೂಸ್ ಹೋಗುವುದನ್ನು ಮೊದಲೇ ಕಾಣಬಹುದು.

ಕರೆಂಟು ಹೋಗಿ ಬಂದರೆ ಲ್ಯಾಪ್‌ಟಾಪೂ ಟ್ಯಾಬ್ಲೆಟ್ಟೂ ಬ್ಯಾಟರಿಯಲ್ಲಿ ಬದುಕಿರುತ್ತವೆ, ರೂಟರ್ ಸತ್ತಿರುತ್ತದೆ. ಅದು ಮತ್ತೆ ಎದ್ದು ಕೂರಲು ಒಂದೆರಡು ನಿಮಿಷ ಬೇಕು, ಅಷ್ಟರೊಳಗೆ ಟ್ಯಾಬ್ಲೆಟ್ ಪರಿಚಯದ ಇನ್ಯಾವುದೋ ವೈಫೈ ಸೇರಿರುತ್ತದೆ. ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟುಕೊಂಡರೆ ಇದು ತಪ್ಪುತ್ತದೆ. ಜನರೇಟರಿಗೆ ಬದಲಾದಾಗ ಹ್ಯಾಲೊಜನ್ ಮಾತ್ರ ಅದುರುತ್ತಿದ್ದು ಎಲ್‌ಇಡಿ ಸ್ಥಿರವಾಗಿದ್ದರೆ ತಪ್ಪು ನೆಟ್‌ವರ್ಕಿನದಲ್ಲ. ಡಿಮ್ಮರ್ ಪ್ರತಿ ಅಲೆಯೂ ಸೊನ್ನೆ ದಾಟುವ ಹೊತ್ತನ್ನು ನೋಡಿ ಕೆಲಸ ಮಾಡುವಂಥದ್ದು, ಜನರೇಟರಿನ ಅಲೆ ಏರುಪೇರಾದರೆ ಅದು ಗಲಿಬಿಲಿಗೊಳ್ಳುತ್ತದೆ.

ಮಳೆಗಾಲದ ತಾಲೀಮಿನಲ್ಲಿ, ಜನವರಿಯ ಇಬ್ಬನಿಯ ರಾತ್ರಿಯ ಬಯಲಾಟದಲ್ಲಿ, ಒದ್ದೆ ಬೆರಳು ಒಂದು ಗುಂಡಿಯ ಬದಲು ಇನ್ನೊಂದನ್ನು ಒತ್ತುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಟ್ಯಾಬ್ಲೆಟ್ ಇಟ್ಟರೆ ಸ್ಪರ್ಶ ಕೆಲಸ ಮಾಡುತ್ತದೆ, ನೀರು ತಾಗದು. ‘ಮುಂದಿನ ಕ್ಯೂ’ ಗುಂಡಿಯನ್ನು ಪರದೆಯ ಕಾಲುಭಾಗದಷ್ಟು ದೊಡ್ಡದಾಗಿ ಮಾಡಿ. ‘ಹಿಂದಕ್ಕೆ’ ಗುಂಡಿಯನ್ನು ಅದರ ಪಕ್ಕದಲ್ಲಿಡಬೇಡಿ. ಐಪ್ಯಾಡಿನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡಿನಲ್ಲಿ ಆಪ್ ಪಿನ್ ಮಾಡುವ ಆಯ್ಕೆ ಹಾಕಿದರೆ ಬೆರಳು ತಪ್ಪಿ ಹೊರಗೆ ಹೋಗುವುದಿಲ್ಲ. ಪರದೆಯ ಬೆಳಕನ್ನು ಕನಿಷ್ಠಕ್ಕೆ ಇಳಿಸಿ, ಸಾಧ್ಯವಿದ್ದರೆ ಕೆಂಪು ಛಾಯೆಗೆ ತಿರುಗಿಸಿ. ಬೆಳಗುವ ಬಿಳಿ ಪರದೆ ನೋಡಿ ತಲೆಯೆತ್ತಿದ ಕಣ್ಣಿಗೆ ರಂಗದ ಮೇಲಿನ ಶೇ. 15ರ ಬೆಳದಿಂಗಳು ಕತ್ತಲೆಯಾಗಿಯೇ ಕಾಣುತ್ತದೆ. ಅದನ್ನು ನೋಡಿ ಶೇ. 30ಕ್ಕೆ ಏರಿಸಿಬಿಡುವುದು ಸಾಮಾನ್ಯ ತಪ್ಪು.

ಖರ್ಚಿನ ಮಾತು ಚಿಕ್ಕದು. ತಿಂಗಳ ಚಂದಾ ಕೇಳುವ ಆಪ್‌ಗಳನ್ನು ವರ್ಷಕ್ಕೆರಡು ನಾಟಕ ಆಡುವ ತಂಡ ಕೊಳ್ಳುವುದು ದಂಡ. ಒಮ್ಮೆ ದುಡ್ಡು ಕೊಟ್ಟು ಕೊಂಡದ್ದೂ ಶಾಶ್ವತವಲ್ಲ: 2017ರಲ್ಲಿ ಐಓಎಸ್ 11 ಬಂದಾಗ 32 ಬಿಟ್‌ನ ಹಳೆಯ ಆಪ್‌ಗಳೆಲ್ಲ ಒಮ್ಮೆಗೇ ನಿಂತುಹೋದವು. ತಿರುಗಾಟದ ನಡುವೆ ಅಪ್‌ಡೇಟ್ ಒತ್ತಲೇಬೇಡಿ. ಕ್ಯೂ ಫೈಲಿನ ಒಂದು ಪ್ರತಿ ಪೆನ್ ಡ್ರೈವಿನಲ್ಲಿರಲಿ. ಕ್ಯೂ ಶೀಟಿನ ಒಂದು ಪ್ರತಿ ಮುದ್ರಿಸಿ ಡಿಮ್ಮರ್ ಪಕ್ಕ, ರಂಗದ ಬದಿಯ ವಿಂಗಿನಲ್ಲಿ ಅಂಟಿಸಿ, ಯಾವ ಚಾನೆಲ್ಲಿಗೆ ಯಾವ ದೀಪ ಎಂಬುದನ್ನು ಅದರ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಿ. ಲ್ಯಾಪ್‌ಟಾಪೂ ಕೈಕೊಟ್ಟ ರಾತ್ರಿ, ಡಿಮ್ಮರಿನ ಮೈಮೇಲೆ ಕೈಯಿಂದ ಏರಿಸುವ ಗುಂಡಿಗಳಿದ್ದರೆ, ಅದನ್ನು ನೋಡಿಕೊಂಡು ವಿಂಗಿನಲ್ಲಿ ನಿಂತವರು ಯಾರಾದರೂ ನಾಟಕ ಮುಗಿಸಬಹುದು.